ನಾಯಿ ಮಾಂಸದ ಆಮದು: ತಟ್ಟೆಗಿಂತ ದಾರಿಯೇ ದೊಡ್ಡ ಪ್ರಶ್ನೆ

2020ರ ಜುಲೈ 3ರಂದು ನಾಗಾಲ್ಯಾಂಡ್ ಸಚಿವ ಸಂಪುಟ ಒಂದು ತೀರ್ಮಾನ ಕೈಗೊಂಡಿತು. ವ್ಯಾಪಾರಕ್ಕಾಗಿ ಹೊರಗಿನಿಂದ ನಾಯಿಗಳನ್ನು ತರುವಂತಿಲ್ಲ, ನಾಯಿ ಸಂತೆ ನಡೆಸುವಂತಿಲ್ಲ, ನಾಯಿ ಮಾಂಸವನ್ನು ಹಸಿಯಾಗಲಿ ಬೇಯಿಸಿದ್ದಾಗಲಿ ಮಾರುವಂತಿಲ್ಲ. ಮರುದಿನವೇ ಮುಖ್ಯ ಕಾರ್ಯದರ್ಶಿಯ ಸಹಿ ಹೊತ್ತ ಅಧಿಸೂಚನೆ ಹೊರಬಿತ್ತು. ಅದಕ್ಕೆ ಸ್ವಲ್ಪ ಮೊದಲು ದಿಮಾಪುರದ ಸಂತೆಯ ಚಿತ್ರವೊಂದು ದೇಶದ ತುಂಬ ಮೊಬೈಲಿನಿಂದ ಮೊಬೈಲಿಗೆ ಓಡಾಡಿತ್ತು. ಗೋಣಿಚೀಲದೊಳಗೆ ನಾಯಿಗಳನ್ನು ತುರುಕಿ ಕತ್ತಿನ ಬಳಿ ಕಟ್ಟಿದ್ದರು. ಹೊರಗೆ ಕಾಣುತ್ತಿದ್ದದ್ದು ತಲೆ ಮಾತ್ರ, ಬಾಯಿಗೆ ಹಗ್ಗ ಬಿಗಿದಿತ್ತು. ಕಚ್ಚಬಾರದು, ಕೂಗಬಾರದು ಎಂದು ಮಾಡಿದ ಏರ್ಪಾಡು ಅದು. ಬಾಯಿ ಕಟ್ಟಿದ ನಾಯಿಗೆ ನೀರು ಕುಡಿಯುವುದಕ್ಕೂ ಆಗುವುದಿಲ್ಲ. ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತಲೇ ಮೈಯ ಬಿಸಿ ಇಳಿಸಿಕೊಳ್ಳಬೇಕಾದ ಪ್ರಾಣಿ ಅದು, ಆ ದಾರಿಯೂ ಮುಚ್ಚಿಹೋಗಿರುತ್ತದೆ.

ನಿಷೇಧ ಉಳಿಯಲಿಲ್ಲ. ಕೊಹಿಮಾ ನಗರಸಭೆಯಿಂದ ಪರವಾನಗಿ ಪಡೆದಿದ್ದ ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋದರು. 2020ರ ನವೆಂಬರಿನಲ್ಲಿ ಗುವಾಹಟಿ ಹೈಕೋರ್ಟಿನ ಕೊಹಿಮಾ ಪೀಠ ತಡೆಯಾಜ್ಞೆ ಕೊಟ್ಟಿತು, 2023ರ ಜೂನ್ ತಿಂಗಳಲ್ಲಿ ಅಧಿಸೂಚನೆಯನ್ನೇ ರದ್ದು ಮಾಡಿತು. ಒಂದು ಗುಂಪು ಇದನ್ನು ಸಂಸ್ಕೃತಿಯ ಗೆಲುವು ಎಂದಿತು, ಇನ್ನೊಂದು ಗುಂಪು ಕ್ರೌರ್ಯದ ಗೆಲುವು ಎಂದಿತು. ತೀರ್ಪು ಹೇಳಿದ್ದೇನು, ಹೇಳದೆ ಬಿಟ್ಟದ್ದೇನು ಎಂಬುದು ಈ ಗದ್ದಲದಲ್ಲಿ ಮುಚ್ಚಿಹೋಯಿತು.

ನಾನು ನಾಯಿ ಮಾಂಸದ ಆಮದನ್ನು ವಿರೋಧಿಸುವವನು. ದೇಶದ ಹೊರಗಿನಿಂದ ಬರುವುದನ್ನು ಮಾತ್ರವಲ್ಲ, ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ನಾಯಿಗಳನ್ನು ಮಾಂಸಕ್ಕಾಗಿ ಸಾಗಿಸುವುದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನನ್ನ ವಿರೋಧದ ಬುಡ ಯಾರ ತಟ್ಟೆಯಲ್ಲಿ ಏನಿದೆ ಎಂಬುದರಲ್ಲಿ ಇಲ್ಲ. ಆ ತಟ್ಟೆಗೆ ಮಾಂಸ ಬಂದ ದಾರಿಯಲ್ಲಿದೆ. ಎರಡನ್ನೂ ಕಲಸಿಬಿಟ್ಟಾಗ ವಾದವೂ ಕೆಡುತ್ತದೆ, ನಾಯಿಗಳಿಗೂ ಉಪಯೋಗವಾಗುವುದಿಲ್ಲ. ಹಾಗಾಗಿ ಬಿಡಿಸಿ ನೋಡೋಣ.

ಸಾಕುವುದಕ್ಕಿಂತ ಹಿಡಿಯುವುದು ಅಗ್ಗ

ಕುರಿ, ದನ, ಮೊಲಗಳು ಮನುಷ್ಯ ತಿನ್ನಲಾಗದ ಹುಲ್ಲು ಸೊಪ್ಪು ತಿಂದು ಮಾಂಸ ಕೊಡುತ್ತವೆ. ಕೋಳಿ, ಹಂದಿ ಕಾಳು ತಿಂದರೂ ಬೇಗ ಬೆಳೆಯುತ್ತವೆ. ನಾಯಿ ಹಾಗಲ್ಲ. ಅದಕ್ಕೆ ಪ್ರೋಟೀನು ಹೆಚ್ಚಿರುವ ಆಹಾರ ಬೇಕು. ನೂರಾರು ನಾಯಿಗಳನ್ನು ಒಂದೇ ಕಡೆ ಕೂಡಿಹಾಕಿದರೆ ಕಚ್ಚಾಡುತ್ತವೆ, ಡಿಸ್ಟೆಂಪರ್, ಪಾರ್ವೊ ತರಹದ ರೋಗ ಬಂದರೆ ಸಾಲುಸಾಲಾಗಿ ಸಾಯುತ್ತವೆ. ದುಡ್ಡಿನ ಲೆಕ್ಕದಲ್ಲಿ ನಾಯಿಯನ್ನು ಮಾಂಸಕ್ಕಾಗಿ ಸಾಕುವುದು ನಷ್ಟದ ಕಸುಬು. ದೊಡ್ಡ ಪ್ರಮಾಣದಲ್ಲಿ ಸಾಕಣೆ ಕೇಂದ್ರಗಳಿದ್ದ ದೇಶವೆಂದರೆ ಮುಖ್ಯವಾಗಿ ದಕ್ಷಿಣ ಕೊರಿಯಾ. ಅಲ್ಲಿಯೂ ಹೋಟೆಲು, ಶಾಲೆಗಳಲ್ಲಿ ಉಳಿದ ಎಂಜಲನ್ನೇ ಮೇವಾಗಿ ಹಾಕುವುದು ರೂಢಿಯಾಗಿತ್ತು, ತಂತಿಯ ಪಂಜರಗಳನ್ನು ನೆಲದಿಂದ ಎತ್ತರಕ್ಕೆ ಕಟ್ಟಿ ಅದರೊಳಗೇ ನಾಯಿಗಳು ಹುಟ್ಟಿ ಸಾಯುತ್ತಿದ್ದವು.

ಸಾಕುವುದು ದುಬಾರಿಯಾದರೆ ವ್ಯಾಪಾರಕ್ಕೆ ಉಳಿಯುವ ದಾರಿ ಒಂದೇ, ಯಾರೋ ಸಾಕಿದ್ದನ್ನು ಅಥವಾ ಯಾರೂ ಸಾಕದಿದ್ದನ್ನು ಹಿಡಿದು ತರುವುದು. ಹತ್ತಿರದ ಬೀದಿಗಳಲ್ಲಿ ನಾಯಿ ಮುಗಿದಾಗ ಪಕ್ಕದ ಜಿಲ್ಲೆ, ಆಮೇಲೆ ಪಕ್ಕದ ರಾಜ್ಯ, ಆಮೇಲೆ ಪಕ್ಕದ ದೇಶ. ನಾಯಿ ಮಾಂಸದ ಆಮದು ಶುರುವಾಗುವುದೇ ಹೀಗೆ. ನಾಗಾಲ್ಯಾಂಡಿಗೆ ನಾಯಿಗಳು ಹೆಚ್ಚಾಗಿ ಅಸ್ಸಾಮಿನಿಂದ ಬರುತ್ತವೆ. ವರ್ಷಕ್ಕೆ 30,000ದವರೆಗೆ ಎಂಬುದು ಪ್ರಾಣಿ ರಕ್ಷಣಾ ಸಂಘಟನೆಗಳ ಅಂದಾಜು. ಕಳ್ಳಸಾಗಣೆಗೆ ದಾಖಲೆ ಎಲ್ಲಿರುತ್ತದೆ, ಆದ್ದರಿಂದ ಇದನ್ನು ಅಂದಾಜು ಎಂದೇ ಓದಬೇಕು. ಆದರೆ ಅಸ್ಸಾಂ ಪೊಲೀಸರು ಹಲವು ಸಲ ವಾಹನ ತಡೆದು ಬಾಯಿ ಕಟ್ಟಿದ ನಾಯಿಗಳನ್ನು ಬಿಡಿಸಿದ್ದಾರೆ ಎಂಬುದು ಅಂದಾಜಲ್ಲ, ನಡೆದದ್ದು.

ಇದೇ ಕತೆ ಮೆಕಾಂಗ್ ನದಿಯ ದಂಡೆಯಲ್ಲಿ ಇನ್ನೂ ದೊಡ್ಡದಾಗಿ ನಡೆದಿತ್ತು. ಥಾಯ್ಲೆಂಡಿನ ಈಶಾನ್ಯ ಭಾಗದ ಸಕೋನ್ ನಕೋನ್ ಪ್ರಾಂತದಲ್ಲಿ ತಾ ರೇ ಎಂಬ ಊರಿದೆ. ಅಲ್ಲಿಂದ ನಾಯಿಗಳನ್ನು ಲಾರಿಗೆ ತುಂಬಿ, ನದಿ ದಾಟಿಸಿ, ಲಾವೋಸ್ ಮೂಲಕ ವಿಯೆಟ್ನಾಮಿಗೆ ಸಾಗಿಸುವ ಜಾಲ ವರ್ಷಗಟ್ಟಲೆ ನಡೆಯಿತು. ಹಳ್ಳಿಗಳಲ್ಲಿ ಪ್ಲಾಸ್ಟಿಕ್ ಬಕೆಟ್ಟು ಕೊಟ್ಟು ನಾಯಿ ಪಡೆಯುವವರು ಒಂದು ಕಡೆ, ರಾತ್ರಿ ಕದ್ದು ಒಯ್ಯುವವರು ಇನ್ನೊಂದು ಕಡೆ. 2013ರ ಆಗಸ್ಟಿನಲ್ಲಿ ಥಾಯ್ಲೆಂಡ್, ಲಾವೋಸ್, ಕಾಂಬೋಡಿಯ, ವಿಯೆಟ್ನಾಂ ಈ ನಾಲ್ಕೂ ದೇಶಗಳ ಅಧಿಕಾರಿಗಳು ಹನೋಯಿಯಲ್ಲಿ ಸೇರಿ, ಗಡಿ ದಾಟಿಸಿ ನಾಯಿ ವ್ಯಾಪಾರ ಮಾಡುವುದನ್ನು ಐದು ವರ್ಷ ನಿಲ್ಲಿಸಲು ಒಪ್ಪಿಕೊಂಡರು. ಒಪ್ಪಂದದ ಹಿಂದಿದ್ದ ಕಾರಣ ನಾಯಿಯ ಮೇಲಿನ ಪ್ರೀತಿಯೊಂದೇ ಆಗಿರಲಿಲ್ಲ, ರೇಬೀಸನ್ನು ಗೆಲ್ಲಬೇಕೆಂಬ ಗುರಿಯೂ ಇತ್ತು. 2014ರ ಕೊನೆಯಲ್ಲಿ ಥಾಯ್ಲೆಂಡ್ ಪ್ರಾಣಿ ಹಿಂಸೆ ತಡೆ ಕಾನೂನನ್ನೂ ತಂದಿತು. ಗಡಿ ದಾಟುವ ಲಾರಿಗಳು ಕಡಿಮೆಯಾದವು.

ವಿಯೆಟ್ನಾಮಿನ ಒಳಗೆ ಮಾತ್ರ ಕಳ್ಳತನದ ಹಾವಳಿ ಬೇರೆಯೇ ರೂಪ ತಾಳಿತ್ತು. ನ್ಗೆ ಆನ್ ಪ್ರಾಂತದಂತಹ ಕಡೆ ನಾಯಿ ಕಳ್ಳರನ್ನು ಹಳ್ಳಿಯವರೇ ಹಿಡಿದು ಹೊಡೆದು ಕೊಂದಿದ್ದಾರೆ. ಮನೆಯ ನಾಯಿ ಹೋದ ಸಿಟ್ಟು ಮನುಷ್ಯನ ಕೊಲೆಯವರೆಗೆ ಹೋಯಿತು. ಈ ವ್ಯಾಪಾರ ಕೇವಲ ತಿನ್ನುವವನಿಗೂ ಮಾರುವವನಿಗೂ ಸಂಬಂಧಿಸಿದ್ದು ಎನ್ನುವವರು ಆ ಹಳ್ಳಿಗಳ ಕಡೆ ಒಮ್ಮೆ ನೋಡಬೇಕು.

ವೈರಾಣು ಸಾಗುವ ದಾರಿ

ರೇಬೀಸ್ ವಿಚಾರದಲ್ಲಿ ಎರಡೂ ಕಡೆಯವರು ಉತ್ಪ್ರೇಕ್ಷೆ ಮಾಡುತ್ತಾರೆ. ‘ನಾಯಿ ಮಾಂಸ ತಿಂದರೆ ರೇಬೀಸ್ ಬರುತ್ತದೆ’ ಎಂದು ವಿರೋಧಿಗಳು ಹೆದರಿಸುತ್ತಾರೆ. ‘ಬೇಯಿಸಿದರೆ ಏನೂ ಆಗದು’ ಎಂದು ಸಮರ್ಥಕರು ತಳ್ಳಿಹಾಕುತ್ತಾರೆ. ಚೆನ್ನಾಗಿ ಬೆಂದ ಮಾಂಸದಲ್ಲಿ ರೇಬೀಸ್ ವೈರಾಣು ಉಳಿಯುವುದಿಲ್ಲ, ಇದು ನಿಜ. ಅಪಾಯ ಇರುವುದು ಊಟದ ಹೊತ್ತಿಗಿಂತ ಬಹಳ ಮೊದಲು. ಹಿಡಿಯುವಾಗ, ಬಾಯಿಗೆ ಹಗ್ಗ ಬಿಗಿಯುವಾಗ, ಚೀಲದಿಂದ ಎಳೆಯುವಾಗ, ಕೊಯ್ಯುವಾಗ, ತಲೆಬುರುಡೆ ಒಡೆಯುವಾಗ. ವೈರಾಣು ತುಂಬಿರುವುದು ಜೊಲ್ಲಿನಲ್ಲಿ, ಮೆದುಳಿನಲ್ಲಿ, ನರಗಳಲ್ಲಿ. ಕೈಮೇಲಿನ ಸಣ್ಣ ಗೀರು ಅದಕ್ಕೆ ಸಾಕು.

2009ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ವರದಿ ಹನೋಯಿಯ ಇಬ್ಬರು ರೋಗಿಗಳ ಕುರಿತದ್ದು. ಇಬ್ಬರನ್ನೂ ಯಾವ ನಾಯಿಯೂ ಕಚ್ಚಿರಲಿಲ್ಲ. ಒಬ್ಬರು ರಸ್ತೆ ಅಪಘಾತದಲ್ಲಿ ಸತ್ತ ನಾಯಿಯನ್ನು ಕೊಯ್ದಿದ್ದರು, ಇನ್ನೊಬ್ಬರು ಕಾಯಿಲೆ ಬಿದ್ದ ಬೆಕ್ಕನ್ನು. ಇಬ್ಬರೂ ರೇಬೀಸಿನಿಂದ ತೀರಿಕೊಂಡರು. ನೈಜೀರಿಯಾದ ಮಾರುಕಟ್ಟೆಗಳಲ್ಲಿ ಮಾಂಸಕ್ಕಾಗಿ ಕೊಯ್ದ, ನೋಡಲು ಆರೋಗ್ಯವಾಗಿಯೇ ಇದ್ದ ನಾಯಿಗಳ ಮೆದುಳಿನಲ್ಲಿ ಸೋಂಕು ಪತ್ತೆಯಾದ ಅಧ್ಯಯನಗಳೂ ಇವೆ. ‘ನೋಡಲು ಆರೋಗ್ಯವಾಗಿಯೇ ಇದ್ದ’ ಎಂಬುದನ್ನು ಗಮನಿಸಬೇಕು. ಸೋಂಕು ತಗುಲಿದ ನಾಯಿ ಲಕ್ಷಣ ತೋರಿಸುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಾಣು ಹೊರಹಾಕತೊಡಗುತ್ತದೆ. ಕಚ್ಚಿದ ನಾಯಿಯನ್ನು ಹತ್ತು ದಿನ ಕಾದು ನೋಡಿ ಎಂದು ವೈದ್ಯರು ಹೇಳುವುದು ಇದೇ ಕಾರಣಕ್ಕೆ. ಸಂತೆಗೆ ಬಂದ ನಾಯಿಯನ್ನು ಹತ್ತು ದಿನ ಕಾಯುವವರು ಯಾರು?

ಅದಕ್ಕಿಂತ ದೊಡ್ಡ ಹಾನಿ ಊರಿಗೆ ಊರೇ ಅನುಭವಿಸುವಂಥದು. ಇಂಡೊನೇಷ್ಯಾದ ಫ್ಲೊರೆಸ್ ದ್ವೀಪದಲ್ಲಿ 1997ರವರೆಗೆ ರೇಬೀಸ್ ಇರಲಿಲ್ಲ. ಆ ವರ್ಷ ಸುಲವೇಸಿ ಕಡೆಯ ಬುಟೋನ್ ದ್ವೀಪದಿಂದ ದೋಣಿಯಲ್ಲಿ ಮೂರು ನಾಯಿಗಳು ಬಂದವು. ಅಲ್ಲಿಂದ ಶುರುವಾದ ರೋಗ ದ್ವೀಪವನ್ನೆಲ್ಲ ಹಬ್ಬಿತು, ಜನ ಸತ್ತರು, ಲಕ್ಷಗಟ್ಟಲೆ ನಾಯಿಗಳನ್ನು ಕೊಂದರೂ ರೋಗ ಹೋಗಲಿಲ್ಲ. ಆ ಮೂರು ನಾಯಿಗಳು ಮಾಂಸಕ್ಕೆಂದೇ ಬಂದಿದ್ದವು ಎಂದು ನಾನು ಹೇಳುತ್ತಿಲ್ಲ. ನಾಯಿಗಳನ್ನು ತಪಾಸಣೆ ಇಲ್ಲದೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿದರೆ ಮೂರೇ ಸಾಕಾಗಬಹುದು ಎಂಬುದಕ್ಕೆ ಇದು ಪುರಾವೆ. ಮಾಂಸದ ವ್ಯಾಪಾರ ಅದನ್ನೇ ಸಾವಿರಗಟ್ಟಲೆ ನಾಯಿಗಳ ಲೆಕ್ಕದಲ್ಲಿ ಪ್ರತಿ ವಾರ ಮಾಡುತ್ತದೆ.

ನಾಯಿ ಬಿಟ್ಟುಹೋದ ಊರಿನ ಗತಿಯನ್ನೂ ನೋಡಿ. ಒಂದು ಪ್ರದೇಶದ ನಾಯಿಗಳಲ್ಲಿ ಶೇಕಡ 70ರಷ್ಟಕ್ಕೆ ಲಸಿಕೆ ಬಿದ್ದರೆ ರೇಬೀಸಿನ ಸರಪಳಿ ಕಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಮಾನದಂಡ. ಜಗತ್ತಿನಲ್ಲಿ ಮನುಷ್ಯರಿಗೆ ಬರುವ ರೇಬೀಸಿನ ಶೇಕಡ 99 ಪ್ರಕರಣಗಳಿಗೆ ನಾಯಿಯೇ ಮೂಲ, ಸಾವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಭಾರತದ್ದು ಎಂಬ ಅಂದಾಜೂ ಅದೇ ಸಂಸ್ಥೆಯದು. 2021ರ ಸೆಪ್ಟೆಂಬರ್ 28ರಂದು ಕೇಂದ್ರ ಸರ್ಕಾರ 2030ರ ಹೊತ್ತಿಗೆ ನಾಯಿಯಿಂದ ಬರುವ ರೇಬೀಸನ್ನು ಕೊನೆಗಾಣಿಸುವ ರಾಷ್ಟ್ರೀಯ ಯೋಜನೆ ಪ್ರಕಟಿಸಿತು. ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಗುರುತಿಗೆ ಕಿವಿ ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಡುವ ಕೆಲಸ ನಡೆಯುತ್ತಿರುವುದು ಇದರ ಭಾಗವಾಗಿ. ಮನುಷ್ಯರಿಗೆ ಒಗ್ಗಿಕೊಂಡ, ಕರೆದರೆ ಹತ್ತಿರ ಬರುವ ನಾಯಿಗೆ ಲಸಿಕೆ ಹಾಕುವುದು ಸುಲಭ. ನಾಯಿ ಹಿಡಿಯುವ ದಲ್ಲಾಳಿಗೂ ಅದೇ ಸುಲಭ. ಅವನು ಒಯ್ದ ಪ್ರತಿ ಸಾಧು ನಾಯಿಯ ಜೊತೆ ಆ ಊರಿನ ರಕ್ಷಣೆಯೂ ಒಂದಿಷ್ಟು ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಲಸಿಕೆ ಕಾಣದ ಹೊಸ ಮರಿಗಳು ಬರುತ್ತವೆ. ಕಿವಿ ಕತ್ತರಿಸಿದ ಗುರುತಿರುವ ನಾಯಿಯೊಂದು ಚೀಲದಲ್ಲಿ ಸಿಕ್ಕಿತೆಂದರೆ ಸಾರ್ವಜನಿಕರ ದುಡ್ಡಿನಿಂದ ಕಟ್ಟಿದ ಗೋಡೆಯ ಒಂದು ಇಟ್ಟಿಗೆಯನ್ನು ಕಿತ್ತು ಮಾರಿದಂತೆಯೇ.

ರೇಬೀಸ್ ಒಂದೇ ಅಲ್ಲ. ಟ್ರೈಕಿನೆಲ್ಲಾ ಎಂಬ ಹುಳು ಸರಿಯಾಗಿ ಬೇಯದ ನಾಯಿ ಮಾಂಸದಿಂದ ಹರಡಿದ ಪ್ರಸಂಗಗಳು ಚೀನಾದಲ್ಲಿ ದಾಖಲಾಗಿವೆ. ಕದಿಯುವವರು ವಿಷದ ಸೂಜಿ ಹಾರಿಸಿ ನಾಯಿ ಬೀಳಿಸುವ ಕಡೆ ಆ ವಿಷ ಮಾಂಸದಲ್ಲೇ ಉಳಿಯುವ ಭಯವೂ ಇದೆ.

ನಮ್ಮ ಕಾನೂನು ಎಲ್ಲಿ ನಿಂತಿದೆ

ಭಾರತದಲ್ಲಿ ನಾಯಿ ಮಾಂಸ ಕಾನೂನುಬದ್ಧವೇ ಎಂದು ಕೇಳಿದರೆ ಒಂದೇ ಮಾತಿನ ಉತ್ತರ ಸಿಗುವುದಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳಲ್ಲಿ ಮಾಂಸಕ್ಕಾಗಿ ಕೊಯ್ಯಬಹುದಾದ ಪ್ರಾಣಿಗಳ ಪಟ್ಟಿ ಇದೆ. ಕುರಿ, ಮೇಕೆ, ಹಂದಿ, ದನದ ವರ್ಗ, ಸಾಕು ಮೊಲ, ಕೋಳಿ ಜಾತಿ, ಮೀನು. ನಾಯಿ ಇಲ್ಲ. 2014ರಲ್ಲಿ ಒಂಟೆ ವಧೆಯ ಪ್ರಶ್ನೆ ಎದ್ದಾಗ ಆಹಾರ ಸುರಕ್ಷತಾ ಪ್ರಾಧಿಕಾರ, ಪಟ್ಟಿಯಲ್ಲಿ ಇಲ್ಲದ ಪ್ರಾಣಿಗಳನ್ನು ಆಹಾರಕ್ಕಾಗಿ ಕೊಯ್ಯುವಂತಿಲ್ಲ ಎಂದು ಸ್ಪಷ್ಟಪಡಿಸಿತು.

ಹಾಗಾದರೆ ನಾಗಾಲ್ಯಾಂಡಿನ ನಿಷೇಧ ನ್ಯಾಯಾಲಯದಲ್ಲಿ ಏಕೆ ಬಿದ್ದುಹೋಯಿತು? ಮುಖ್ಯ ಕಾರಣ ಸರಳ. ಆದೇಶ ಹೊರಡಿಸಿದವರಿಗೆ ಆ ಅಧಿಕಾರ ಇರಲಿಲ್ಲ. ಆಹಾರ ಪದಾರ್ಥದ ಮಾರಾಟ ನಿಷೇಧಿಸುವ ಅಧಿಕಾರವನ್ನು ಕಾಯ್ದೆಯ 30ನೇ ಸೆಕ್ಷನ್ ಕೊಡುವುದು ರಾಜ್ಯದ ಆಹಾರ ಸುರಕ್ಷತಾ ಆಯುಕ್ತರಿಗೆ, ಮುಖ್ಯ ಕಾರ್ಯದರ್ಶಿಗೆ ಅಲ್ಲ. ಜೊತೆಗೆ ನಾಗಾ ಸಮುದಾಯಗಳಲ್ಲಿ ನಾಯಿ ಮಾಂಸ ಇಂದಿಗೂ ಒಪ್ಪಿತ ಆಹಾರ ಎಂಬುದನ್ನು ಪೀಠ ಗಮನಿಸಿತು. ಪಟ್ಟಿಯಲ್ಲಿ ನಾಯಿ ಇಲ್ಲದಿರುವುದು ಆಶ್ಚರ್ಯವಲ್ಲ, ದೇಶದ ಬೇರೆ ಭಾಗಗಳಿಗೆ ಆ ಕಲ್ಪನೆಯೇ ಹೊರತಾದದ್ದು ಎಂದೂ ಹೇಳಿತು. ನಾಯಿಗಳನ್ನು ಬಾಯಿ ಕಟ್ಟಿ ಗೋಣಿಚೀಲದಲ್ಲಿ ಸಾಗಿಸುವುದು ಸರಿ ಎಂದು ನ್ಯಾಯಾಲಯ ಹೇಳಿಲ್ಲ. ತೀರ್ಪನ್ನು ಹಾಗೆ ಓದುವುದು ತಪ್ಪು.

ಆಯುಕ್ತರೇ ಆದೇಶ ಹೊರಡಿಸಿದ್ದರೆ ಕತೆ ಬೇರೆಯಾಗುತ್ತಿತ್ತೇ? ಸ್ವಲ್ಪ ಮಟ್ಟಿಗೆ ಹೌದು. ಆದರೆ 30ನೇ ಸೆಕ್ಷನ್ನಿನ ಆದೇಶಕ್ಕೆ ಆಯುಷ್ಯ ಹೆಚ್ಚೆಂದರೆ ಒಂದು ವರ್ಷ. ಗುಟ್ಕಾ ನಿಷೇಧವನ್ನು ಹಲವು ರಾಜ್ಯಗಳು ವರ್ಷ ವರ್ಷ ನವೀಕರಿಸಿಕೊಂಡು ಬಂದದ್ದು ಇದೇ ಕಾರಣಕ್ಕೆ. ಶಾಶ್ವತ ಪರಿಹಾರ ಬೇಕೆಂದರೆ ಶಾಸನಸಭೆಯೇ ಮುಂದಾಗಬೇಕು. ಮಿಜೋರಾಂ ಅದನ್ನೇ ಮಾಡಿತು. 2020ರ ಮಾರ್ಚಿನಲ್ಲಿ ಅಲ್ಲಿನ ವಿಧಾನಸಭೆ ಪ್ರಾಣಿ ವಧೆ ಕಾನೂನಿಗೆ ತಿದ್ದುಪಡಿ ತಂದು, ವಧೆಗೆ ತಕ್ಕ ಪ್ರಾಣಿಗಳ ಪಟ್ಟಿಯಿಂದ ನಾಯಿಯನ್ನು ತೆಗೆಯಿತು. ಹೊರಗಿನವರ ಗದ್ದಲವಿಲ್ಲದೆ, ತಮ್ಮ ಸದನದಲ್ಲಿ, ತಮ್ಮ ಪ್ರತಿನಿಧಿಗಳ ಮೂಲಕ. ನನಗೆ ಇದು ನಾಗಾಲ್ಯಾಂಡಿನ ಆದೇಶಕ್ಕಿಂತ ಗಟ್ಟಿಯಾದ ದಾರಿ ಎನಿಸುತ್ತದೆ.

ಸಾಗಣೆಗೆ ಬಂದರೆ ಕಾನೂನು ಇನ್ನಷ್ಟು ಸ್ಪಷ್ಟ. 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ನಾಯಿ ಬೆಕ್ಕುಗಳಿಗೆಂದೇ ಒಂದು ಅಧ್ಯಾಯವಿದೆ. ಈ ಪ್ರಾಣಿ ಪ್ರಯಾಣಕ್ಕೆ ತಕ್ಕ ಸ್ಥಿತಿಯಲ್ಲಿದೆ, ಇದರಲ್ಲಿ ರೇಬೀಸ್ ಸೇರಿದಂತೆ ಯಾವ ಸಾಂಕ್ರಾಮಿಕ ರೋಗದ ಲಕ್ಷಣವೂ ಇಲ್ಲ ಎಂದು ಪಶುವೈದ್ಯರು ಬರೆದುಕೊಟ್ಟ ಪ್ರಮಾಣಪತ್ರ ಜೊತೆಗಿರಬೇಕು. ಇಲ್ಲದಿದ್ದರೆ ಸಾಗಿಸುವವನು ಒಪ್ಪಿಕೊಳ್ಳಬಾರದು. ಗೋಣಿಚೀಲದ ನಾಯಿಗೆ ಅಂಥ ಕಾಗದ ಯಾವ ವೈದ್ಯರು ಕೊಟ್ಟಾರು? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅನಗತ್ಯ ನೋವಾಗುವಂತೆ ಪ್ರಾಣಿಯನ್ನು ಸಾಗಿಸುವುದೇ ಅಪರಾಧ. ಆಹಾರಕ್ಕಾಗಿ ಕೊಲ್ಲುವುದಕ್ಕೆ ಅದೇ ಸೆಕ್ಷನ್ ವಿನಾಯಿತಿ ಕೊಡುತ್ತದೆ ನಿಜ, ಆದರೆ ಅನಗತ್ಯ ಯಾತನೆ ಇಲ್ಲದಿದ್ದರೆ ಮಾತ್ರ. ಕಾನೂನಿನ ಬಲಹೀನತೆ ಇರುವುದು ದಂಡದಲ್ಲಿ. ಮೊದಲ ಅಪರಾಧಕ್ಕೆ 10 ರೂಪಾಯಿಯಿಂದ 50 ರೂಪಾಯಿ. ಅರವತ್ತು ವರ್ಷ ದಾಟಿದರೂ ಬದಲಾಗದ ಈ ಮೊತ್ತ ಯಾವ ವ್ಯಾಪಾರಿಯನ್ನೂ ಹೆದರಿಸದು. ಕೊಲ್ಲುವ, ವಿಷ ಹಾಕುವ, ಅಂಗವಿಕಲ ಮಾಡುವ ಪ್ರಕರಣಗಳಿಗೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಐದು ವರ್ಷದವರೆಗೆ ಸಜೆ ಹೇಳುತ್ತದೆ. ಪೊಲೀಸರು ಅದನ್ನು ಹಚ್ಚಿದಾಗಲೇ ಪ್ರಕರಣಕ್ಕೆ ತೂಕ ಬರುವುದು.

ವಿದೇಶದಿಂದ ನಾಯಿ ಮಾಂಸ ಭಾರತಕ್ಕೆ ಸಕ್ರಮವಾಗಿ ಬರುವ ದಾರಿ ಇಲ್ಲವೆಂದೇ ಹೇಳಬಹುದು. ಪ್ರಾಣಿಜನ್ಯ ಪದಾರ್ಥ ತರಲು 1898ರ ಜಾನುವಾರು ಆಮದು ಕಾಯ್ದೆಯಡಿ ಪಶುಸಂಗೋಪನಾ ಇಲಾಖೆಯ ನೈರ್ಮಲ್ಯ ಪರವಾನಗಿ ಬೇಕು, ಆಹಾರವಾದರೆ ಆಹಾರ ಸುರಕ್ಷತಾ ನಿಯಮಗಳಿಗೂ ಹೊಂದಬೇಕು. ಪಟ್ಟಿಯಲ್ಲೇ ಇಲ್ಲದ ಮಾಂಸಕ್ಕೆ ಇವೆರಡೂ ಸಿಗುವುದು ಹೇಗೆ? ಯುರೋಪಿಯನ್ ಒಕ್ಕೂಟದ ಆಹಾರ ನೈರ್ಮಲ್ಯ ನಿಯಮದಲ್ಲಿರುವ ಮಾಂಸದ ವ್ಯಾಖ್ಯಾನದಲ್ಲೂ ನಾಯಿ ಇಲ್ಲ. ದನದ ಮಾಂಸಕ್ಕೋ ಕೋಳಿಗೋ ಇರುವಂತೆ ಮಾನ್ಯತೆ ಪಡೆದ ವಧಾಗಾರ, ವಧೆಗೆ ಮುಂಚಿನ ತಪಾಸಣೆ, ಔಷಧದ ಉಳಿಕೆ ಪರೀಕ್ಷೆ, ಯಾವ ಸಾಕಣೆಯಿಂದ ಬಂತೆಂಬ ದಾಖಲೆ, ಇಂಥ ಅಂತರರಾಷ್ಟ್ರೀಯ ಸರಪಳಿ ನಾಯಿ ಮಾಂಸಕ್ಕೆ ಬೆಳೆದೇ ಇಲ್ಲ. ಆದ್ದರಿಂದ ಗಡಿಯಲ್ಲಿ ಅದನ್ನು ತಡೆಯುವುದು ಭೇದಭಾವ ಆಗುವುದಿಲ್ಲ. ಬೇರೆ ಮಾಂಸಕ್ಕೆ ಕೇಳುವ ಕಾಗದಗಳನ್ನೇ ಇದಕ್ಕೂ ಕೇಳಿದಂತೆ.

ಸಂಶಯ ಮತ್ತು ಸಾಕ್ಷ್ಯ

ಇಲ್ಲಿ 2024ರ ಜುಲೈ ಕೊನೆಯಲ್ಲಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಎದ್ದ ಗಲಾಟೆಯನ್ನು ಹೇಳಲೇಬೇಕು. ರಾಜಸ್ಥಾನದಿಂದ ರೈಲಿನಲ್ಲಿ ಬಂದ ಮಾಂಸದ ಪಾರ್ಸೆಲ್‌ಗಳಲ್ಲಿ ಇರುವುದು ನಾಯಿ ಮಾಂಸ ಎಂದು ಆರೋಪ ಬಂತು. ಬಾಲ ಉದ್ದವಾಗಿದೆ ಎಂಬುದು ಆರೋಪಿಸಿದವರ ದೊಡ್ಡ ಸಾಕ್ಷ್ಯ. ಮಾದರಿಗಳು ಹೈದರಾಬಾದಿನ ಪ್ರಯೋಗಾಲಯಕ್ಕೆ ಹೋದವು. ಬಂದ ವರದಿ ಮೇಕೆ ಮಾಂಸ ಎಂದಿತು. ರಾಜಸ್ಥಾನ, ಕಛ್ ಕಡೆಯ ಸಿರೋಹಿ ತಳಿಯ ಮೇಕೆಗೆ ಬಾಲ ತುಸು ಉದ್ದ, ಮೈಮೇಲೆ ಮಚ್ಚೆಗಳಿರುತ್ತವೆ, ಗೊಂದಲಕ್ಕೆ ಅದೇ ಕಾರಣ ಎಂದು ಆಹಾರ ಸುರಕ್ಷತಾ ಇಲಾಖೆ ವಿವರಿಸಿತು. ಅಷ್ಟರಲ್ಲಿ ಸುಳ್ಳು ನೂರು ಊರು ಸುತ್ತಿ ಬಂದಿತ್ತು.

ಚರ್ಮ ಸುಲಿದ ಮಾಂಸವನ್ನು ಕಣ್ಣಿನಿಂದ ನೋಡಿ ಯಾವ ಪ್ರಾಣಿ ಎಂದು ಹೇಳುವುದು ನುರಿತವರಿಗೂ ಕಷ್ಟ. ಪ್ರಯೋಗಾಲಯ ನೋಡುವುದು ಡಿಎನ್‌ಎಯನ್ನು, ಅದರಲ್ಲೂ ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಡಿಎನ್‌ಎಯನ್ನು. ಒಂದೊಂದು ಕೋಶದಲ್ಲೂ ಅದರ ಪ್ರತಿಗಳು ನೂರಾರು ಸಾವಿರಾರು ಇರುವುದರಿಂದ ಬೇಯಿಸಿದ ತುಂಡಿನಲ್ಲೂ ಪತ್ತೆಯಾಗುತ್ತದೆ. ಪ್ರಾಣಿಯಿಂದ ಪ್ರಾಣಿಗೆ ಬದಲಾಗುವ ಒಂದು ಭಾಗವನ್ನು ಪಿಸಿಆರ್ ವಿಧಾನದಿಂದ ಲಕ್ಷಪಟ್ಟು ಹೆಚ್ಚಿಸಿ ಓದಿದರೆ ಮೇಕೆಯೋ ನಾಯಿಯೋ ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ಆಮದನ್ನು ವಿರೋಧಿಸುವವರು ಈ ವರದಿ ಬರುವವರೆಗೆ ಕಾಯಲೇಬೇಕು. ಸಾಕ್ಷ್ಯವಿಲ್ಲದೆ ಮಾಂಸದ ವ್ಯಾಪಾರಿಯೊಬ್ಬನ ಮೇಲೆ ಈ ಆರೋಪ ಹೊರಿಸುವುದು ಅವನ ಬದುಕನ್ನೇ ಹಾಳು ಮಾಡುವ ಕೆಲಸ. ಮುಂದೊಂದು ದಿನ ನಿಜವಾದ ಪ್ರಕರಣ ಸಿಕ್ಕಾಗ ಯಾರೂ ನಂಬದ ಸ್ಥಿತಿಯನ್ನೂ ಅದು ತರುತ್ತದೆ. ಪರೀಕ್ಷೆಗೂ ಒಂದು ಮಿತಿ ಇದೆ. ಯಾವ ಪ್ರಾಣಿ ಎಂದು ಅದು ಹೇಳುತ್ತದೆ. ಯಾರ ಮನೆಯದು, ಎಲ್ಲಿ ಹಿಡಿದದ್ದು, ಲಸಿಕೆ ಬಿದ್ದಿತ್ತೇ, ಎಷ್ಟು ದಿನ ಚೀಲದಲ್ಲಿತ್ತು ಎಂದು ಹೇಳಲಾರದು. ಆ ಉತ್ತರ ಸಿಗಬೇಕಾದರೆ ಪ್ರಾಣಿ ಜೀವಂತ ಇರುವಾಗಲೇ, ದಾರಿಯಲ್ಲೇ ಹಿಡಿಯಬೇಕು.

ಹಂದಿ ತಿನ್ನುವವರಿಗೆ ನಾಯಿಯ ಮೇಲೇಕೆ ಕರುಣೆ?

ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದು ಸರಿಯಲ್ಲ. ಹಂದಿ ನಾಯಿಯಷ್ಟೇ ಚುರುಕು, ನೋವು ಅದಕ್ಕೂ ಅಷ್ಟೇ. ನಾಯಿ ಮುದ್ದು ಎಂಬ ಒಂದೇ ಕಾರಣಕ್ಕೆ ಅದಕ್ಕೆ ಬೇರೆ ನ್ಯಾಯ ಬೇಕೆಂದರೆ ಆ ವಾದ ನಿಲ್ಲುವುದಿಲ್ಲ. ಆದರೆ ಹಂದಿಯನ್ನೂ ಬೀದಿಯಿಂದ ಕದ್ದು, ಬಾಯಿ ಕಟ್ಟಿ, ತಪಾಸಣೆಯಿಲ್ಲದೆ ಗಡಿ ದಾಟಿಸಿ, ರಸ್ತೆ ಬದಿಯಲ್ಲಿ ಬಡಿದು ಕೊಂದರೆ ಅದನ್ನೂ ವಿರೋಧಿಸಬೇಕು. ನಾಯಿ ಮಾಂಸದ ವಿಷಯದಲ್ಲಿ ವ್ಯತ್ಯಾಸ ಏನೆಂದರೆ, ನಮ್ಮಲ್ಲಿ ಕಳ್ಳದಾರಿ ಬಿಟ್ಟರೆ ಬೇರೆ ದಾರಿ ಇಲ್ಲ. ಸಾಕಣೆ ಇಲ್ಲ, ವಧಾಗಾರ ಇಲ್ಲ, ವೈದ್ಯರಿಲ್ಲ. ಜೊತೆಗೆ ಮನುಷ್ಯನಿಗೆ ಮಾರಕವಾದ, ಲಕ್ಷಣ ಕಂಡಮೇಲೆ ಬದುಕುಳಿಯುವುದು ಅತ್ಯಪರೂಪವಾದ ರೋಗವೊಂದರ ಮುಖ್ಯ ವಾಹಕ ಈ ಪ್ರಾಣಿ. ಆಹಾರದ ಹಕ್ಕಿನಲ್ಲಿ ಪಕ್ಕದ ರಾಜ್ಯದ ಯಾರದೋ ಮನೆಯ ನಾಯಿಯ ಮೇಲಿನ ಹಕ್ಕು ಸೇರುವುದಿಲ್ಲ.

ಸಮುದಾಯಗಳ ಪ್ರಶ್ನೆಯನ್ನು ಅಷ್ಟೇ ಗಂಭೀರವಾಗಿ ನೋಡಬೇಕು. ಸಂವಿಧಾನದ 371ಎ ವಿಧಿ ನಾಗಾ ಜನರ ಧಾರ್ಮಿಕ, ಸಾಮಾಜಿಕ ಆಚರಣೆಗಳಿಗೆ ವಿಶೇಷ ರಕ್ಷಣೆ ಕೊಟ್ಟಿದೆ. ಮಹಾನಗರಗಳಲ್ಲಿ ಈಶಾನ್ಯದ ಹುಡುಗ ಹುಡುಗಿಯರನ್ನು ‘ನಾಯಿ ತಿನ್ನುವವರು’ ಎಂದು ಹೀಯಾಳಿಸುವುದನ್ನು ನಾವೆಲ್ಲ ಕೇಳಿದ್ದೇವೆ. ಈಶಾನ್ಯದ ಬಹುಪಾಲು ಜನ ನಾಯಿ ಮಾಂಸ ಮುಟ್ಟುವವರಲ್ಲ, ಮುಟ್ಟಿದರೂ ಹೀಯಾಳಿಸುವ ಹಕ್ಕು ಯಾರಿಗೂ ಇಲ್ಲ. 2023ರಲ್ಲಿ ಮಹಾರಾಷ್ಟ್ರದ ಶಾಸಕರೊಬ್ಬರು, ಬೀದಿನಾಯಿಗಳನ್ನು ಅಸ್ಸಾಮಿಗೆ ಕಳಿಸಿಬಿಡಿ, ಅಲ್ಲಿ ಬೇಡಿಕೆ ಇದೆ ಎಂದು ಸದನದಲ್ಲೇ ಹೇಳಿ ಕೋಲಾಹಲ ಎಬ್ಬಿಸಿದ್ದರು. ಒಂದು ರಾಜ್ಯದ ಜನರನ್ನು ಅವಮಾನಿಸಿ, ತಮ್ಮ ಊರಿನ ಜವಾಬ್ದಾರಿಯನ್ನೂ ಕಳಚಿಕೊಳ್ಳುವ ಮಾತು ಅದು. ನಾಯಿ ಮಾಂಸದ ಆಮದನ್ನು ವಿರೋಧಿಸುವವರು ಇಂಥ ಮಾತನ್ನೂ ಅಷ್ಟೇ ಜೋರಾಗಿ ವಿರೋಧಿಸಬೇಕು. ಹಳ್ಳಿಯೊಂದರಲ್ಲಿ ಅಪರೂಪಕ್ಕೆ ನಡೆಯುವ ಆಚರಣೆಗೂ ಲಾರಿಗಟ್ಟಲೆ ನಾಯಿ ತರಿಸುವ ವ್ಯಾಪಾರಕ್ಕೂ ಅಜಗಜಾಂತರ. ಅಮೆರಿಕ 2018ರ ಡಿಸೆಂಬರಿನಲ್ಲಿ ಮಾಂಸಕ್ಕಾಗಿ ನಾಯಿ ಬೆಕ್ಕುಗಳ ವಧೆ, ಸಾಗಣೆ, ಮಾರಾಟ ನಿಷೇಧಿಸಿದಾಗ ಮೂಲನಿವಾಸಿಗಳ ಧಾರ್ಮಿಕ ವಿಧಿಗಳಿಗೆ ವಿನಾಯಿತಿ ಇಟ್ಟಿತು. ಆಚರಣೆಯನ್ನೂ ವ್ಯಾಪಾರವನ್ನೂ ಕಾನೂನಿನಲ್ಲಿ ಬೇರೆ ಮಾಡಲು ಬರುತ್ತದೆ ಎಂಬುದಕ್ಕೆ ಇದೊಂದು ಮಾದರಿ.

ಬೇರೆ ದೇಶಗಳ ಅನುಭವವೂ ಬೇರೆ ಬೇರೆ. ತೈವಾನ್ 2017ರಲ್ಲಿ ತಿನ್ನುವುದನ್ನೇ ಅಪರಾಧ ಮಾಡಿ ದಂಡ ಇಟ್ಟಿತು. ಫಿಲಿಪ್ಪೀನ್ಸ್ 2007ರಲ್ಲಿ ತಂದ ರೇಬೀಸ್ ವಿರೋಧಿ ಕಾನೂನಿನೊಳಗೇ ಮಾಂಸಕ್ಕಾಗಿ ನಾಯಿ ವ್ಯಾಪಾರ ಮಾಡುವುದಕ್ಕೆ ಜೈಲು ಶಿಕ್ಷೆ ಸೇರಿಸಿತು. ಆರೋಗ್ಯದ ಕಾನೂನಾಗಿ ಬಂದದ್ದರಿಂದ ಅಲ್ಲಿ ಸಂಸ್ಕೃತಿಯ ಜಗಳಕ್ಕೆ ಎಡೆ ಕಡಿಮೆ. ಚೀನಾ 2020ರಲ್ಲಿ ಜಾನುವಾರುಗಳ ಅಧಿಕೃತ ಪಟ್ಟಿಯಿಂದ ನಾಯಿಯನ್ನು ಹೊರಗಿಟ್ಟಿತು, ಷೆನ್‌ಝೆನ್ ನಗರ ಅದೇ ವರ್ಷ ಪೂರ್ತಿ ನಿಷೇಧ ತಂದಿತು.

ನನಗೆ ಹೆಚ್ಚು ಕಲಿಸುವುದು ದಕ್ಷಿಣ ಕೊರಿಯಾ. 2024ರ ಜನವರಿ 9ರಂದು ಅಲ್ಲಿನ ಸಂಸತ್ತು ಮಾಂಸಕ್ಕಾಗಿ ನಾಯಿ ಸಾಕುವ, ಕೊಲ್ಲುವ, ಮಾರುವ ಉದ್ಯಮವನ್ನು ಕೊನೆಗೊಳಿಸುವ ಕಾನೂನನ್ನು 208 ಮತಗಳಿಂದ ಒಪ್ಪಿತು. ವಿರುದ್ಧ ಒಂದು ಮತವೂ ಬೀಳಲಿಲ್ಲ, ಇಬ್ಬರು ತಟಸ್ಥರಾಗಿದ್ದರು. ಶಿಕ್ಷೆ ಜಾರಿಗೆ ಬರುವುದು 2027ರಿಂದ. ಕೊಂದವರಿಗೆ ಮೂರು ವರ್ಷದವರೆಗೆ ಜೈಲು ಅಥವಾ 3 ಕೋಟಿ ವೊನ್‌ವರೆಗೆ ದಂಡ. ತಿಂದವರಿಗೆ ಶಿಕ್ಷೆ ಇಲ್ಲ. ಮಧ್ಯದ ಮೂರು ವರ್ಷ ಸಾಕಣೆದಾರರಿಗೆ, ಹೋಟೆಲಿನವರಿಗೆ ಬೇರೆ ಕಸುಬು ಹುಡುಕಿಕೊಳ್ಳಲು ಕೊಟ್ಟ ಸಮಯ. ಬೇಗ ಮುಚ್ಚಿದವರಿಗೆ ಒಂದು ನಾಯಿಗೆ 6 ಲಕ್ಷ ವೊನ್‌ವರೆಗೆ ಪರಿಹಾರ. ಸಾಕಣೆಗಳಲ್ಲಿ ಆಗ ಸುಮಾರು 4,66,000 ನಾಯಿಗಳಿದ್ದವು ಎಂಬುದು ಸರ್ಕಾರದ ಲೆಕ್ಕ. ಅಷ್ಟು ನಾಯಿಗಳನ್ನು ಏನು ಮಾಡುವುದೆಂಬ ಕಷ್ಟದ ಪ್ರಶ್ನೆಯನ್ನೂ ಅವರು ಎದುರಿಸಬೇಕಾಯಿತು. ಕೊಹಿಮಾದ ಪರವಾನಗಿದಾರರಿಗೆ ನಮ್ಮಲ್ಲಿ ರಾತ್ರೋರಾತ್ರಿ ಬಾಗಿಲು ಹಾಕಿ ಎಂದಷ್ಟೇ ಹೇಳಲಾಯಿತು. ಅವರು ನ್ಯಾಯಾಲಯಕ್ಕೆ ಹೋಗದೆ ಇನ್ನೇನು ಮಾಡಬೇಕಿತ್ತು?

ನಿಷೇಧಿಸಿದರೆ ವ್ಯಾಪಾರ ಕತ್ತಲಿಗೆ ಸರಿಯುತ್ತದೆ ಎನ್ನುವವರಿದ್ದಾರೆ. ನಾಯಿಗಳ ಸಾಗಣೆ ಈಗಲೇ ಕತ್ತಲಲ್ಲಿದೆ. ಅಸ್ಸಾಮಿನಿಂದ ದಿಮಾಪುರಕ್ಕೆ ಹೊರಟ ವಾಹನವನ್ನು ತಡೆಯಲು ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಚೆಕ್‌ಗೇಟಿನ ಪೊಲೀಸರು ಪಶುವೈದ್ಯರ ಪ್ರಮಾಣಪತ್ರ ಕೇಳಬಹುದು. ಇಲ್ಲದಿದ್ದರೆ ನಾಯಿಗಳನ್ನು ವಶಕ್ಕೆ ಪಡೆದು, ಹತ್ತು ದಿನ ಪ್ರತ್ಯೇಕ ಇಟ್ಟು, ಲಸಿಕೆ ಹಾಕಿ, ಕಿವಿಯ ಗುರುತು ನೋಡಿ ಬಂದ ಊರಿಗೆ ಮರಳಿಸಬಹುದು. ಇದಕ್ಕೆ ಬೇಕಾದದ್ದು ಗಡಿ ಜಿಲ್ಲೆಗಳಲ್ಲಿ ನಾಯಿಗಳನ್ನು ಇಟ್ಟುಕೊಳ್ಳಲು ಒಂದು ಜಾಗ, ಒಬ್ಬ ಪಶುವೈದ್ಯ ಮತ್ತು ಹಿಡಿದ ಪ್ರಕರಣಕ್ಕೆ 325ನೇ ಸೆಕ್ಷನ್ ಹಚ್ಚಲು ಹಿಂಜರಿಯದ ಠಾಣೆ. ಹಿಡಿದ ನಾಯಿಗಳನ್ನು ಎಲ್ಲಿಡುವುದು ಎಂದು ತಿಳಿಯದೆ ವಾಹನವನ್ನು ಹಾಗೇ ಬಿಟ್ಟುಕಳಿಸುವ ಪರಿಸ್ಥಿತಿ ಬರಬಾರದೆಂದರೆ ಅಸ್ಸಾಂ, ನಾಗಾಲ್ಯಾಂಡ್ ಎರಡೂ ಸರ್ಕಾರಗಳು ಮೊದಲು ಈ ಜಾಗಕ್ಕೆ ದುಡ್ಡು ಕೊಡಬೇಕು, ಅದನ್ನು 2030ರ ರೇಬೀಸ್ ಯೋಜನೆಯ ಲೆಕ್ಕದಲ್ಲೇ ಸೇರಿಸಬೇಕು.